ಕಿತ್ತಳೆ ಸಿಪ್ಪೆಯ ಚಹಾಕ್ಕೆ ಮಂಜೂರಾತಿ

ರುಚಿ ನಿರ್ಣಯ ಇಲಾಖೆಯ ಕಟ್ಟಡದೊಳಗೆ ಮಂಜೂರಾಗದ ಘಮ ಸುಳಿಯುವಂತಿಲ್ಲ. ಇದು ನಿಯಮ. ಹಾಗಾಗಿ ಸೋಮವಾರ ಬೆಳಿಗ್ಗೆ ಕಿತ್ತಳೆ ಸಿಪ್ಪೆಯ ಘಮ ಬಂದಾಗ ಮೇಲಧಿಕಾರಿಗಳು ಮೂಗು ಮುಚ್ಚಿಕೊಂಡೇ ಅದರ ಜಾಡು ಹಿಡಿದು ಅಡುಗೆಕೋಣೆಗೆ ಬಂದರು.

ಅಲ್ಲಿ ಚಹಾದಣ್ಣ ನಿಂತಿದ್ದ. ಇಪ್ಪತ್ತು ವರ್ಷದಿಂದ ಇಲಾಖೆಗೆ ಚಹಾ ಕಾಸುವವನು. ಕೈಯಲ್ಲಿ ತಗಡಿನ ಡಬ್ಬಿ. ಕಪ್ಪು ಚಹಾಪುಡಿಗೆ ಒಣಗಿದ ಕಿತ್ತಳೆ ಸಿಪ್ಪೆ, ಲವಂಗ ಬೆರೆಸಿ ಅವನ ಹೆಂಡತಿ ತುಂಬಿಟ್ಟದ್ದು. ಅವಳು ಹೋಗಿ ಎಂಟು ತಿಂಗಳು. ತಿಂಗಳಿಗೊಂದೇ ಲೋಟ ಕುಡಿದು, ಹನ್ನೆರಡು ಚಮಚ ಉಳಿಸಿಕೊಂಡಿದ್ದ.

"ಇದಕ್ಕೆ ಮಂಜೂರಾತಿ ಇದೆಯೇನಯ್ಯಾ?"

"ಇಲ್ಲ ಸಾರ್. ನಾನೊಬ್ಬನೇ ಕುಡಿಯೋದು."

"ಕುಡಿಯೋನು ನೀನೊಬ್ಬ. ಮೂಗು ಎಲ್ಲರಿಗೂ ಇದೆಯಲ್ಲ!"

ರುಚಿ ಸಮಿತಿ ಸೇರಿತು. ಹನ್ನೊಂದು ಮಂದಿ, ತಲೆಗೊಂದು ಚಮಚ. ಚಹಾದಣ್ಣ ಬೆರಳು ಮಡಚಿ ನೋಡಿದ. ಒಂದು ಉಳಿಯುತ್ತೆ. ಸದ್ಯ.

ಕುದಿನೀರು ಹೊಯ್ದು, ಮುಚ್ಚಿ, ನಾಲ್ಕು ನಿಮಿಷ ಬಿಟ್ಟು ಸೋಸಿದ. ಅವಳು ಹಾಗೇ ಮಾಡುತ್ತಿದ್ದಳು. ಸದಸ್ಯರು ಸೊರ್ ಅಂತ ಎಳೆದು, ಬಾಯಲ್ಲಿ ಆಡಿಸಿ, ತೊಟ್ಟಿಗೆ ಉಗುಳಿದರು. ನುಂಗಿದರೆ ಲಂಚ ತಿಂದಂತೆ ಎಂದು ಸುತ್ತೋಲೆಯಿದೆ. ಹಿರಿಯ ಸದಸ್ಯರೊಬ್ಬರು ಮೈಮರೆತು ನುಂಗಿಬಿಟ್ಟರು. ಅಲ್ಲೇ ಅಮಾನತಾದರು.

"ಆದ್ರೂ ಪರವಾಗಿಲ್ಲ ಬಿಡಯ್ಯಾ," ಎಂದು ಆ ಹಿರಿಯರು ಬಾಯಿ ಒರೆಸಿಕೊಂಡು ಹೊರಟರು.

ಸಮಿತಿಗೆ ಒಂದು ತಲೆ ಕಮ್ಮಿಯಾಯಿತು. ಬಾಗಿಲ ಕಾವಲುಗಾರನನ್ನು ಕರೆದರು.

"ಸಾರ್, ಇರೋದೊಂದೇ ಚಮಚ. ಆ ತಲೆ ನಾನೇ ಆಗ್ತೀನಿ," ಅಂದ ಚಹಾದಣ್ಣ.

"ನೀನು ನುಂಗ್ತೀಯ," ಎಂದರು ಮೇಲಧಿಕಾರಿಗಳು.

"ಹೌದು ಸಾರ್. ನುಂಗ್ತೀನಿ."

ಸಮಿತಿ ಒಪ್ಪಲಿಲ್ಲ. ಕಾವಲುಗಾರ ಶಿಸ್ತಾಗಿ ಉಗುಳಿದ. ಚಹಾ ಅವಿರೋಧವಾಗಿ ಮಂಜೂರಾಯಿತು.

ಗುಮಾಸ್ತೆ ನಮೂನೆ ತೆಗೆದಳು. "ತಯಾರಿಸಿದವರು ಖುದ್ದಾಗಿ ಬರಬೇಕು ಅಣ್ಣಾ."

"ಅವಳು ತೀರಿಕೊಂಡಳಲ್ಲಮ್ಮಾ."

"ಗೊತ್ತಣ್ಣಾ. ಆದ್ರೆ ಇದರಲ್ಲಿ ಇರೋದು ಎರಡೇ ಮನೆ. ಹಾಜರು, ಇಲ್ಲಾಂದ್ರೆ ರಜೆ."

ಅವನು ಖಾಲಿ ಡಬ್ಬಿಗೆ ಮುಚ್ಚಳ ಹಾಕಿದ. "ರಜೆ ಅಂತ ಬರ್ಕೋ."

ತಯಾರಿಸಿದವರು ರಜೆಯಿಂದ ಮರಳುವತನಕ ಬೇರೆಯವರು ಆ ಪುಡಿ ಬೆರೆಸುವಂತಿಲ್ಲ. ಮಂಜೂರಾದ ಚಹಾವನ್ನು ಕುಡಿಯದೆ ಬಿಡುವಂತೆಯೂ ಇಲ್ಲ. ಆದ್ದರಿಂದ ಈಗ ಪ್ರತಿ ಸೋಮವಾರ ಬೀರುವಿನಿಂದ ಖಾಲಿ ಡಬ್ಬಿ ಹೊರಬರುತ್ತದೆ. ಎಲ್ಲರೂ ಮೂಸಿ, ಬರೀ ಬಿಸಿನೀರು ಕುಡಿದು, "ರುಚಿ ಸರಿಯಾಗಿದೆ" ಎಂದು ಸಹಿ ಹಾಕುತ್ತಾರೆ. ಲವಂಗ ತುಸು ಜಾಸ್ತಿಯಾಯಿತೆಂದು ಮೇಲಧಿಕಾರಿಗಳು ಒಮ್ಮೆ ಆಕ್ಷೇಪಿಸಿದ್ದೂ ಉಂಟು.

ಕೊನೆಯ ಸರದಿ ಚಹಾದಣ್ಣನದು. ಅವನು ತುಂಬಾ ಹೊತ್ತು ಮೂಸುತ್ತಾನೆ. ಯಾರೂ ಅವಸರ ಮಾಡುವುದಿಲ್ಲ. ಆಮೇಲೆ ಗುಮಾಸ್ತೆ ನಮೂನೆ ಬಿಡಿಸುತ್ತಾಳೆ.

"ಅತ್ತಿಗೆ ಬಂದ್ರಾ ಅಣ್ಣಾ?"

"ಇಲ್ಲಮ್ಮಾ."

"ಇನ್ನೊಂದು ವಾರ ಹಾಕ್ಲಾ?"

"ಹಾಕು."