ಹಸಿರು ಬಾವುಟ ತೋರಿಸಿದ ಮೇಲೆ

ನಾಗಪುರದ ಸೀತಾಬರ್ಡಿ ಕೋಟೆಯ ಬಾಗಿಲು ಜನಸಾಮಾನ್ಯರಿಗೆ ತೆರೆಯುವುದು ವರ್ಷಕ್ಕೆ ಮೂರೇ ದಿನ: ಜನವರಿ ಇಪ್ಪತ್ತಾರು, ಮೇ ಒಂದು, ಆಗಸ್ಟ್ ಹದಿನೈದು. ಈ ಊರಿನ ಅನ್ನ ತಿನ್ನುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಗೂಡ್ಸ್ ಗಾಡಿಯ ಗಾರ್ಡ್ ಬಸವಂತನಿಗೂ ಗೊತ್ತಿತ್ತು. ಅದಕ್ಕೇ ಆ ಮೂರು ದಿನವೂ ಆತ ತಪ್ಪದೆ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದ. ರಜೆಯ ದಿನ ದುಡಿದರೆ ಭತ್ಯೆ ಹೆಚ್ಚು!

ಹೆಂಡತಿ ಗೌರಮ್ಮ ಗದಗದಿಂದ ಬಂದ ವರ್ಷವೇ ಕೋಟೆ ತೋರಿಸಿ ಎಂದು ಕೇಳಿದ್ದಳು. "ಮುಂದಿನ ಸಲ" ಎಂದಿದ್ದ. ಆ ಮುಂದಿನ ಸಲ ಬರುವಷ್ಟರಲ್ಲಿ ಮಗಳು ಹುಟ್ಟಿ, ಓದಿ, ಮದುವೆಯಾಗಿ ಅತ್ತೆಮನೆ ಸೇರಿದ್ದಳು. ಈಗ ತಿಂಗಳ ಕೊನೆಗೆ ಬಸವಂತನ ನಿವೃತ್ತಿ. ಕ್ವಾರ್ಟರ್ಸ್ ಖಾಲಿ ಮಾಡಿ ಗದಗಕ್ಕೆ ಹೊರಡಬೇಕು. ಉಳಿದಿದ್ದು ಇದೊಂದೇ ಜನವರಿ ಇಪ್ಪತ್ತಾರು.

"ಈ ಸಲ ಕೋಟೆ ಅಷ್ಟ ಅಲ್ಲ, ಇಡೀ ನಾಗಪುರಾನ ತೋರಿಸ್ತೀನಿ!" ಎಂದು ಬಸವಂತ ಘೋಷಿಸಿದ. "ನಿನಗೊಬ್ಬಾಕಿಗೆ ಅಲ್ಲ, ನಮ್ಮ ಕನ್ನಡ ಸಂಘಕ್ಕೆಲ್ಲಾ!"

"ನಾ ಕೇಳಿದ್ದು ಬರೇ ಕೋಟೆರೀ."

ಕೇಳುವವರು ಯಾರು? ಬಸ್ಸು ಗೊತ್ತುಮಾಡಿಯೇ ಬಿಟ್ಟ. ಗಾರ್ಡ್ ಎಂಬ ಹುದ್ದೆಯ ಹೆಸರನ್ನು ಟ್ರೇನ್ ಮ್ಯಾನೇಜರ್ ಎಂದು ಬದಲಿಸಿದ ದಿನದಿಂದ ಅವನ ನಡಿಗೆಯೇ ಬದಲಾಗಿತ್ತು. ಇನ್ನು ಒಂದು ಬಸ್ಸೇ ಕೈಗೆ ಸಿಕ್ಕಿದರೆ! ಕೊರಳಲ್ಲಿ ಸೀಟಿ, ಕಂಕುಳಲ್ಲಿ ಕೆಂಪು-ಹಸಿರು ಬಾವುಟ. ಹೊರಡುವ ಮುಂಚೆ ಡ್ರೈವರ್‌ಗೆ ಹಿಂದಿಯಲ್ಲಿ, ಉಳಿದವರಿಗೆ ಕನ್ನಡದಲ್ಲಿ ಒಂದೇ ಪಾಠ:

"ಹಸಿರು ಬಾವುಟ ತೋರಸೂತನಕ ಗಾಡಿ ಅಲುಗಾಡಬಾರದು. ತೋರಿಸಿದ ಮ್ಯಾಲೆ ಯಾರ ಕೂಗಿದ್ರೂ ನಿಲ್ಲಬಾರದು!"

ಸದರ್ ಬಡಾವಣೆಯ ಹಳೆಯ ಚರ್ಚಿನ ಮುಂದೆ ಮೊದಲ ಹಾಲ್ಟ್. ಜನ ಬಣ್ಣದ ಗಾಜು ನೋಡಲು ತಲೆ ಎತ್ತುವಷ್ಟರಲ್ಲಿ ಸೀಟಿ! ಎಲ್ಲರೂ ಓಡಿ ಬಂದು ಕೂತರು. ಆಮೇಲೆ ಬಸವಂತ ಬಸ್ಸಿಗೆ ಪ್ರದಕ್ಷಿಣೆ ಹಾಕಿ, ಗಾಲಿ ತಟ್ಟಿ, ಡಿಕ್ಕಿಯ ಚಿಲಕ ಎಳೆದು, ತಲೆ ಎಣಿಸಿ, ಸಂಶಯ ಬಂದು ಮತ್ತೆ ಎಣಿಸಿ, ಬಾಗಿಲ ಮೆಟ್ಟಿಲ ಮೇಲೆ ನಿಂತು ಬಾವುಟ ಬೀಸಿದ. ನೋಡಿದ್ದಕ್ಕಿಂತ ಹೊರಡುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ದೇಶದ ನಡುಮಧ್ಯ ಎಂದು ಜನ ತೋರಿಸುವ ಜೀರೋ ಮೈಲ್ ಕಲ್ಲಿನ ಬಳಿಯೂ ಇದೇ ಪೂಜೆ.

"ಬಸವಂತರೇ, ಇದು ಗೂಡ್ಸ್ ಗಾಡಿಯಲ್ಲ. ನಾವು ಕಲ್ಲಿದ್ದಲೂ ಅಲ್ಲ" ಎಂದರು ವಾಯುಪಡೆಯ ಪೊನ್ನಪ್ಪ.

"ಕಲ್ಲಿದ್ದಲು ಆಗಿದ್ರ ಚಲೋ ಇತ್ತು ಸಾಹೇಬ್ರ. ಅದು ಮಾತಾಡಂಗಿಲ್ಲ!"

ಗೌರಮ್ಮ ಕಿಟಕಿಯಾಚೆ ನೋಡಿದಳು. ಕೋಟೆಯ ಗುಡ್ಡ ಅಲ್ಲೇ ಇತ್ತು. "ರೀ, ಸಂಜಿಕ್ಕ ಗೇಟ್ ಮುಚ್ಚತಾರ. ಇಲ್ಲೇ ಐತಿ, ಮೊದಲ ಕೋಟೆಗೆ ಹೋಗೂಣ್ರಿ."

"ಟರ್ಮಿನಸ್ ಯಾವಾಗಲೂ ಕೊನಿಗೇ ಬರೂದು, ಗೌರಾ. ಮೊದಲ ಮಹಾಲ್!"

ಅವಳು ಸುಮ್ಮನಾದಳು. ಗಂಡಂದಿರು ಇದಕ್ಕೆ ಒಪ್ಪಿಗೆ ಎಂದು ಹೆಸರಿಟ್ಟುಕೊಂಡಿದ್ದಾರೆ.

ಮಹಾಲ್ ಎಂದರೆ ಭೋಂಸಲೆ ಅರಸರ ಕಾಲದ ಹಳೆಯ ಊರು. ವಾಡೆಯ ಮರದ ಕಂಬ, ಗುಡಿ, ಗಾಂಧಿ ಗೇಟು ಎಲ್ಲ ನೋಡುವಷ್ಟರಲ್ಲಿ ಹೊತ್ತು ವಾಲಿತು. ಸೀಟಿ ಮೊಳಗಿತು, ಎಲ್ಲರೂ ಹತ್ತಿದರು. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಕಾಲೇಜು ಹುಡುಗಿಯರಿಬ್ಬರು ಬಾವುಟ ಹಿಡಿದ ಬಸವಂತನ ಫೋಟೋ ತೆಗೆಯತೊಡಗಿದರು. ಆತ ಉಬ್ಬಿಹೋದ! ಮೆಟ್ಟಿಲು ಬಿಟ್ಟು, ಅಸಲಿ ಗಾರ್ಡಿನ ಗತ್ತಿನಲ್ಲಿ ಬಸ್ಸಿನ ಹಿಂದಕ್ಕೆ ಹೋದ. ನೆಟ್ಟಗೆ ನಿಂತ. ಹಸಿರು ಬೀಸಿದ.

ಬಸ್ಸು ಹೊರಟಿತು.

ಗಾಡಿ ಕದಲಿದ ಮೇಲೆ ಕೊನೆಯ ಡಬ್ಬಿಗೆ ಹತ್ತುವುದು ಗಾರ್ಡನ ಪದ್ಧತಿ. ಬಸವಂತ ಕಾಲೆತ್ತಿದ. ಬಸ್ಸಿಗೆ ಕೊನೆಯ ಡಬ್ಬಿಯೇ ಇರಲಿಲ್ಲ! ಎತ್ತಿದ ಕಾಲು ನಾಗಪುರದ ಧೂಳಿನಲ್ಲೇ ಇಳಿಯಿತು.

ಫೋನು, ಪಾಕೀಟು ಎರಡೂ ಬಸ್ಸಿನಲ್ಲಿದ್ದ ಚೀಲದಲ್ಲಿ. ಆಟೋದವನು "ಉಧರ್ ಜಾಮ್ ಹೈ, ಕಾಕಾ" ಎಂದು ಮುಖ ತಿರುಗಿಸಿದ. ಬಸವಂತ ಕೋಟೆಯತ್ತ ನಡೆದ. ದಾರಿಯ ಚೌಕದಲ್ಲಿ ವಾಹನಗಳು ಹೆಣೆದುಕೊಂಡು ನಿಂತಿದ್ದವು. ಸ್ಕೂಟರಿನವನೊಬ್ಬ ಅವನ ಕೊರಳಿನ ಸೀಟಿ ನೋಡಿ ಕೂಗಿದ: "ಕಾಕಾ, ಸೀಟೀ ಬಜಾವ್ ನಾ!"

ಕೇಳಿದ ಮೇಲೆ ಇಲ್ಲ ಎನ್ನಲಾದೀತೇ? ಒಂದು ಸಲ ಊದಿದ. ಟ್ರಕ್ ಹಿಂದೆ ಸರಿಯಿತು. ಇನ್ನೊಮ್ಮೆ ಊದಿದ. ಆಟೋಗಳು ಸಾಲಾದವು. ಅವನ ಮಾತನ್ನು ಕಲ್ಲಿದ್ದಲೂ ಇಷ್ಟು ವಿಧೇಯವಾಗಿ ಕೇಳಿರಲಿಲ್ಲ! ಒಂದು ಕಡೆಗೆ ಕೆಂಪು, ಇನ್ನೊಂದು ಕಡೆಗೆ ಹಸಿರು ತೋರಿಸುತ್ತಾ ನಿಂತವನಿಗೆ ಕೋಟೆ ನೆನಪಾದಾಗ ನೆರಳು ರಸ್ತೆ ದಾಟಿತ್ತು.

ಏದುಸಿರು ಬಿಡುತ್ತಾ ತಲುಪಿದ. ಗೇಟು ಮುಚ್ಚಿತ್ತು. ತಾನಿಲ್ಲದೆ ಬಸ್ಸು ಎಲ್ಲಿ ದಾರಿ ತಪ್ಪಿತೋ? ಕೊನೆಯ ಸಲವೂ ಅವಳಿಗೆ ತಪ್ಪಿಹೋಯಿತೇ?

ಹೊರಗಿನ ಕಟ್ಟೆಯ ಮೇಲೆ ಸಂಘವೆಲ್ಲ ಶೇಂಗಾ ತಿನ್ನುತ್ತಾ ಕೂತಿತ್ತು. "ನೀವಿಲ್ಲದ್ದಕ್ಕೆ ಟೈಮಿಗೆ ಸರಿಯಾಗಿ ಬಂದೆವು, ಆರಾಮಾಗಿ ನೋಡಿದೆವು" ಎಂದರು ಪೊನ್ನಪ್ಪ.

ಗೌರಮ್ಮನ ಮುಖ ಗುಡ್ಡದ ಗಾಳಿಗೆ ಅರಳಿತ್ತು. "ಮ್ಯಾಲಿಂದ ನಿಮ್ಮ ಸ್ಟೇಷನ್ನು, ಯಾರ್ಡು ಎಲ್ಲಾ ಕಾಣತಾವ್ರಿ. ಇಷ್ಟು ವರ್ಷ ಹಬ್ಬದ ದಿನ ನೀವು ಎಲ್ಲಿ ಇರ್ತಿದ್ರಿ ಅಂತ ಇವತ್ತ ನೋಡಿದೆ."

ಬಸವಂತ ತಲೆ ತಗ್ಗಿಸಿದ. ಆದರೂ ಒಳಗಿನ ಮ್ಯಾನೇಜರ್ ಸುಮ್ಮನಿರಬೇಕಲ್ಲ! "ಅಲ್ಲಲೇ, ನಾ ಹಿಂದ ಉಳಿದಿದ್ದು ಒಬ್ಬರಿಗೂ ಗೊತ್ತಾಗ್ಲಿಲ್ಲೇನು?"

"ಗೊತ್ತಾತ್ರಿ. ನಿಲ್ಲಸ್ಲೇನು ಅಂತ ಡ್ರೈವರ್ ಕೇಳಿದ. ಬ್ಯಾಡಪ್ಪಾ, ನಮ್ಮ ಮನಿಯವ್ರು ಹಸಿರು ತೋರಿಸ್ಯಾರ, ಯಾರ ಕೂಗಿದ್ರೂ ನಿಲ್ಲಬಾರದು ಅಂದೆ."

ಓದುಗರೇ, ನಕ್ಕಿದ್ದು ಸಾಕು. ನಿಮ್ಮ ಮನೆಯಲ್ಲೂ ಒಬ್ಬರು ನಿಮ್ಮ "ಮುಂದಿನ ಸಲ"ಕ್ಕೆ ಕಾಯುತ್ತಾ ಕೂತಿದ್ದಾರೆ. ಇದನ್ನು ಕೆಳಗಿಟ್ಟು ಏಳಿ. ಅವರು ಕೇಳಿದ ಜಾಗಕ್ಕೇ, ಇವತ್ತೇ ಕರೆದುಕೊಂಡು ಹೋಗಿ. ಬಾವುಟ ಮನೆಯಲ್ಲೇ ಬಿಡಿ!