ನನ್ನ ಬೆನ್ನ ಮೇಲೆ ನಡೆದ ಅರಿಶಿನದ ಪ್ರಯೋಗ

ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ‘ನನಗೆ ಗೊತ್ತಿಲ್ಲ, ಪಕ್ಕದ ಟೇಬಲ್ಲಿನಲ್ಲಿ ಕೇಳಿ’ ಎಂದು ಸಲೀಸಾಗಿ ಹೇಳುವ ನಾನು, ಮನೆಗೆ ಬಂದು ಮಗಳ ಮುಂದೆ ಕೂತರೆ ಆ ಮಾತನ್ನೇ ಮರೆತುಬಿಡುತ್ತೇನೆ. ಆಕಾಶ ಯಾಕೆ ನೀಲಿ ಎಂದರೂ ನನ್ನ ಬಳಿ ಉತ್ತರವಿದೆ, ಹಲ್ಲಿ ಗೋಡೆಯಿಂದ ಯಾಕೆ ಜಾರುವುದಿಲ್ಲ ಎಂದರೂ ಉತ್ತರವಿದೆ. ಹಲ್ಲಿಗೆ ಅಭ್ಯಾಸವಾಗಿಹೋಗಿದೆ ಎಂದಿದ್ದೆ. ನಿಜ ಹೇಳಬೇಕೆಂದರೆ ನಾನು ಓದಿದ್ದು ಇತಿಹಾಸ. ಎಸ್ಸೆಸ್ಸೆಲ್ಸಿಯಲ್ಲಿ ಲಿಟ್ಮಸ್ ಕಾಗದದ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವನು ಇವತ್ತಿನವರೆಗೂ ಆ ಕಾಗದವನ್ನು ಕಣ್ಣಿಂದ ಕಂಡಿಲ್ಲ. ಈ ಸಂಗತಿ ನನ್ನ ಹೆಂಡತಿ ಮಂಜುಳಾಗೆ ಗೊತ್ತು. ಮೂರನೇ ಕ್ಲಾಸಿನ ಮಗಳು ಸಿಂಚನಾಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ಚನ್ನಪಟ್ಟಣದಲ್ಲಿ ಅವಳು ಹೋಗುವ ಶಾಲೆಯವರು ಈ ವರ್ಷ ಹೊಸ ಪದ್ಧತಿ ತಂದರು. ಶನಿವಾರಕ್ಕೊಂದು ಸರಳ ವಿಜ್ಞಾನ ಚಟುವಟಿಕೆ. ಅದನ್ನು ಮನೆಯಲ್ಲೇ, ಅಡುಗೆಮನೆಯ ಸಾಮಾನಿನಿಂದಲೇ ಮಾಡಿ ವಿಡಿಯೊ ಕಳಿಸಬೇಕು. ಮೊದಲ ವಾರ ಮೊಟ್ಟೆ. ಬರೀ ನೀರಿನಲ್ಲಿ ಅದು ಮುಳುಗುತ್ತದೆ, ಉಪ್ಪು ಕರಗಿಸಿದರೆ ತೇಲುತ್ತದೆ. ನಾನು ಫೋನಿನ ಮುಂದೆ ಗಂಟಲು ಸರಿಮಾಡಿಕೊಂಡು, ಈಗ ಮೊಟ್ಟೆ ಮುಳುಗುವುದನ್ನು ನೋಡೋಣ ಎಂದು ಲೋಟಕ್ಕೆ ಬಿಟ್ಟೆ. ತೇಲಿತು. ಬೆರಳಿನಿಂದ ಒತ್ತಿದೆ. ಮತ್ತೆ ಮೇಲೆ ಬಂತು. ನಮ್ಮ ಬೋರ್‌ವೆಲ್ ನೀರಿನಲ್ಲೇ ಉಪ್ಪಿನಂಶ ಜಾಸ್ತಿ ಎಂದು ಎರಡು ನಿಮಿಷ ವಿವರಿಸಿದೆ. ಅಷ್ಟರಲ್ಲಿ ಮಂಜುಳಾ ಬಂದು ಮೊಟ್ಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ರೀ, ಇದು ಕೊಳೆತೋಗೈತೆ. ನೀವೇ ಆರಿಸ್ಕೊಂಡು ತಂದಿದ್ದು” ಎಂದಳು. ಆ ಮಾತೂ ಸೇರಿಯೇ ವಿಡಿಯೊ ಶಾಲೆಗೆ ಹೋಯಿತು.

ಎರಡನೇ ವಾರ ಅರಿಶಿನ. ಬಟ್ಟೆ ಸೋಪಿನ ನೀರಿನಲ್ಲಿ ಬ್ರಷ್ ಅದ್ದಿ ಕಾಗದದ ಮೇಲೆ ಗುಟ್ಟಿನ ಮಾತೊಂದನ್ನು ಬರೆಯಬೇಕು. ಒಣಗಿದ ಮೇಲೆ ಏನೂ ಕಾಣುವುದಿಲ್ಲ. ಆಮೇಲೆ ಅರಿಶಿನದ ನೀರು ಬಳಿದರೆ ಅಕ್ಷರಗಳು ಕೆಂಪಗೆ ಮೂಡುತ್ತವೆ. ಇದನ್ನು ನಾನು ಮಹಾ ರಹಸ್ಯದಂತೆ ಓದಿ ಹೇಳುತ್ತಿದ್ದರೆ, ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮಮ್ಮ ತಮ್ಮ ತವರೂರು ಕೋಡಿಹಳ್ಳಿಯ ಗತ್ತಿನಲ್ಲಿ, “ಆರತಿ ನೀರು ಕೆಂಪಗಾಗ್ಲಿ ಅಂತ ಅರಿಶಿನಕ್ಕೆ ಸುಣ್ಣ ಹಾಕಲ್ವೇನ್ಲಾ? ಇದ್ಕೂ ಇಸ್ಕೂಲಿಗೆ ಹೋಗ್ಬೇಕಾ?” ಎಂದರು. ಅದು ಸಂಪ್ರದಾಯ, ಇದು ವಿಜ್ಞಾನ ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಕಾಗದ ನೀರು ಕುಡಿದು ಮುದುರಿಕೊಳ್ಳುತ್ತಿದೆ ಎಂದು ಸಿಂಚನಾ ದೂರಿದಳು. ಪೇಪರ್ ಓದುತ್ತಿದ್ದ ನಾನು ತಲೆ ಎತ್ತದೆ, ನನ್ನ ಬಿಳಿ ಅಂಗಿಯ ಮೇಲೆ ಬರೆದುಕೋ ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ಬೀರುವಿನ ತಳದ ಹಳೆಯ ಅಂಗಿ. ಅವಳ ಕಣ್ಣಿಗೆ ಬಿದ್ದದ್ದು ಮರುದಿನದ ಶುಭಕಾರ್ಯಕ್ಕೆಂದು ಹೊಲಿಸಿ ಕುರ್ಚಿಗೆ ನೇತುಹಾಕಿದ್ದ ಹೊಸ ಅಂಗಿ. ಬರೆದು ಮುಗಿಸಿ ಅವಳು ಅರಿಶಿನ ಕಲಸುವ ಹೊತ್ತಿಗೆ ಗೆಳತಿ ಆಟಕ್ಕೆ ಕರೆದಳು, ಪ್ರಯೋಗ ಅರ್ಧಕ್ಕೇ ನಿಂತಿತು. ಬೆಳಿಗ್ಗೆ ತೊಟ್ಟಾಗ ಅಂಗಿಯ ಬೆನ್ನು ಸ್ವಲ್ಪ ಗಡುಸಾಗಿತ್ತು. ಹೊಸ ಬಟ್ಟೆಯ ಗಂಜಿ ಇರಬೇಕು ಎಂದುಕೊಂಡೆ.

ಸೋಲೂರಿನಲ್ಲಿ ನನ್ನ ತಂಗಿಯ ಮಗಳಿಗೆ ಅರಿಶಿನ ಹಚ್ಚುವ ಶಾಸ್ತ್ರ. ನಾನು ಸೋದರಮಾವ, ಅಂದರೆ ಆ ದಿನದ ಮಟ್ಟಿಗೆ ನಾಲ್ಕು ಜನ ಎದ್ದು ಕುರ್ಚಿ ಬಿಟ್ಟುಕೊಡುವ ಮನುಷ್ಯ. ಪಕ್ಕದಲ್ಲಿ ತಂಗಿಯ ಗಂಡನ ಅಣ್ಣ ಪುಟ್ಟಸ್ವಾಮಣ್ಣ ಕೂತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು. ಅಂಥವರ ಪಕ್ಕ ಸುಮ್ಮನಿರಬೇಕು ಎನ್ನುವ ಬುದ್ಧಿ ನನಗಿರಲಿಲ್ಲ. ಮಗಳಿಗೆ ವಾರವಾರವೂ ನಾನೇ ವಿಜ್ಞಾನ ಹೇಳಿಕೊಡುತ್ತೇನೆ ಎಂದು ಶುರುಮಾಡಿದೆ. ಅಷ್ಟರಲ್ಲಿ ಮದುವಣಗಿತ್ತಿಯ ಗೆಳತಿಯರು ಹಿಂದಿನಿಂದ ಬಂದು ಒಂದು ಚೊಂಬು ಅರಿಶಿನದ ನೀರನ್ನು ನನ್ನ ಬೆನ್ನಿಗೆ ಸುರಿದು ಓಡಿದರು. ನಾನು ದೊಡ್ಡ ಮನಸ್ಸಿನಿಂದ ನಕ್ಕು, ಎದ್ದು ನಿಂತು, ಸೇರಿದವರ ಕಡೆ ತಿರುಗಿ, ಅರಿಶಿನದಿಂದ ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು ಎಂದು ಕಂಡುಹಿಡಿಯಬಹುದು ಎಂದು ತಿಳಿಸತೊಡಗಿದೆ.

ಹಿಂದೆ ಕೂತಿದ್ದವರು ನಗತೊಡಗಿದರು. ನನ್ನ ಮಾತು ಹಿಡಿಸಿತೆಂದು ದನಿ ಏರಿಸಿದೆ. ಅವರನ್ನೂ ನಿರಾಸೆಗೊಳಿಸಬಾರದೆಂದು ಆ ಕಡೆ ತಿರುಗಿದರೆ ಈಗ ಈ ಕಡೆಯವರು ನಗುತ್ತಿದ್ದರು. ಮೇಷ್ಟ್ರು ಮಾತ್ರ ನಗದೆ ಕನ್ನಡಕ ಏರಿಸಿಕೊಂಡು, “ರಾಜಣ್ಣ, ಒಸಿ ಹಂಗೇ ನಿಂತಿರಪ್ಪ. ಪ್ರಯೋಗ ಬಲು ಚೆಂದಾಗಿ ಬಂದೈತೆ, ಓದ್ಕತೀನಿ” ಎಂದರು. ಆಮೇಲೆ ಪಾಠ ಓದುವ ದನಿಯಲ್ಲಿ ನನ್ನ ಬೆನ್ನನ್ನು ಓದಿದರು: “ಗುಟ್ಟು. ನಮ್ಮಪ್ಪನಿಗೆ ವಿಜ್ಞಾನ ಬರಲ್ಲ. ಅವರಿಗೆ ಹೇಳಬೇಡಿ.”

ಅಮ್ಮ ಅರ್ಧ ನಿಂಬೆಹಣ್ಣು ತಂದು ಬೆನ್ನಿಗೆ ತಿಕ್ಕಿದರು. ಹುಳಿ ಬಿದ್ದರೆ ಕೆಂಪು ಮತ್ತೆ ಹಳದಿಯಾಗುತ್ತದೆ ಎನ್ನುವುದು ಅವರಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು. ಅಕ್ಷರಗಳು ಹಳದಿಯಲ್ಲಿ ಕರಗಿದವು. ಆದರೆ ಅಷ್ಟು ಹೊತ್ತಿಗೆ ಅಡುಗೆಯವರೂ ಸೌಟು ಹಿಡಿದುಕೊಂಡೇ ಬಂದು ಓದಿಹೋಗಿದ್ದರು.

ಸಿಂಚನಾ ಚಪ್ಪರದ ಕಂಬದ ಹಿಂದೆ ಮುಖ ಮುಚ್ಚಿಕೊಂಡು ನಿಂತಿದ್ದಳು. ಬೈಯಬೇಕೆಂದೇ ಹೋದೆ. ಅವಳ ಭುಜ ನಡುಗುತ್ತಿದ್ದದ್ದು ಕಂಡು ಕೋಪ ಎಲ್ಲಿ ಹೋಯಿತೋ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಮೊಟ್ಟೆಯ ದಿನ ಎಂದಳು. ಹಾಗಾದರೆ ನನಗೇ ಹೇಳಬಹುದಿತ್ತಲ್ಲ ಎಂದೆ.

“ಹೇಳ್ಕೊಡೋವಾಗ ನೀನು ಎಷ್ಟು ಖುಷಿಯಾಗಿರ್ತೀಯ ಅಪ್ಪ. ಅದಕ್ಕೇ ಹೇಳ್ಲಿಲ್ಲ” ಎಂದಳು.

ನಾನು ಎದ್ದು ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಹೋಗಿ ಊಟದ ಪಂಕ್ತಿಯಲ್ಲಿ ಕೂತೆವು. ಮೇಷ್ಟ್ರು ಅವಳನ್ನು ತಮ್ಮ ಪಕ್ಕಕ್ಕೆ ಕರೆಸಿಕೊಂಡು ತಮ್ಮೆಲೆಯ ಹೋಳಿಗೆಯನ್ನೂ ಅವಳಿಗೇ ಬಡಿಸಿದರು.

ಯಾರೋ ಇದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದರು. ಮಂಜುಳಾ ಅದನ್ನೇ ಆ ವಾರದ ಚಟುವಟಿಕೆಯೆಂದು ಶಾಲೆಗೆ ಕಳಿಸಿದಳು. ಟೀಚರಿಗೆ ಬಹಳ ಹಿಡಿಸಿತಂತೆ. ಬರುವ ಶನಿವಾರ ಸಿಂಚನಾಳ ತಂದೆಯೇ ತರಗತಿಗೆ ಬಂದು ಮಕ್ಕಳ ಜೊತೆ ಒಂದು ಪ್ರಯೋಗ ಮಾಡಬೇಕೆಂದು ಹೇಳಿಕಳಿಸಿದ್ದಾರೆ. ಹೀಗಾಗಿ ಮೂರನೇ ಕ್ಲಾಸಿನ ಪುಸ್ತಕವನ್ನು ಕಡತದ ಒಳಗಿಟ್ಟುಕೊಂಡು ಕಚೇರಿಯಲ್ಲಿ ಓದುತ್ತಿದ್ದೇನೆ. ನೋಡಿದವರು ಯಾವುದೋ ಮುಖ್ಯ ಸುತ್ತೋಲೆ ಇರಬೇಕೆಂದು ಸದ್ದು ಮಾಡದೆ ಹೋಗುತ್ತಾರೆ. ಎರಡು ಪಾಠ ಮುಗಿದಿವೆ. ಸಕ್ಕರೆ ನೀರಿನಲ್ಲಿ ಕರಗಿದ ಮೇಲೂ ಲೋಟದ ತೂಕ ಯಾಕೆ ಕಡಿಮೆಯಾಗುವುದಿಲ್ಲ ಎನ್ನುವಲ್ಲಿ ಒಂದು ಸಂದೇಹ ಬಂದಿದೆ. ಸಂಜೆ ಮನೆಗೆ ಬಂದವನೇ ಮಗಳನ್ನು ಕೇಳಿದೆ. ಕೈಕಾಲು ತೊಳೆದುಕೊಂಡು ಪುಸ್ತಕ ಹಿಡಿದು ಕೂತಿರು, ಆಟ ಮುಗಿಸಿ ಬಂದು ಹೇಳಿಕೊಡುತ್ತೇನೆ ಎಂದಿದ್ದಾಳೆ. ಕೂತಿದ್ದೇನೆ.