ಗೋಡೆಗೆ ಮುಖ ಮಾಡಿ ನಿಲ್ಲುವ ಭಾವ

ನಮ್ಮ ಭಾವ ಯಾರನ್ನೂ ನಂಬುವುದಿಲ್ಲ. ಕಟ್ಟಿಕೊಂಡ ಹೆಂಡತಿಯನ್ನೂ!

ಉತ್ಪ್ರೇಕ್ಷೆ ಅಂದುಕೊಂಡಿರಾ? ಒಮ್ಮೆ ಅಕ್ಕ ಮೊಬೈಲನ್ನು ಸಪ್ತಾಪುರದ ಮನೆಯಲ್ಲೇ ಮರೆತು ದುರ್ಗದಬೈಲಿನ ಪೇಟೆಗೆ ಸೀರೆ ಕೊಳ್ಳಲು ಹೋದಳು. ಹಣ ಕೊಡುವ ಹೊತ್ತಿಗೆ ಅಂಗಡಿಯ ಫೋನಿನಿಂದ ಮನೆಯಲ್ಲಿದ್ದ ಭಾವನಿಗೆ ಕರೆ ಮಾಡಿದಳು.

"ರೀ, ನನ್ನ ಮೊಬೈಲಿಗೆ ಓಟಿಪಿ ಬಂದೈತಿ, ಓದಿ ಹೇಳ್ರಿ."

"ನೀವು ಯಾರು?"

"ನಿಮ್ಮ ಹೆಂಡ್ತಿ!"

"ಹಂಗ ಯಾರು ಬೇಕಾದ್ರೂ ಅಂತಾರ. ನಮ್ಮ ಮದುವ್ಯಾಗ ಊಟಕ್ಕ ಏನು ಕಮ್ಮಿ ಬಿದ್ದಿತ್ತು, ಹೇಳ್ರಿ."

"ಹೋಳಗಿ! ನಿಮ್ಮ ಕಡಿಯವರಽ ತಿಂದು ಖಾಲಿ ಮಾಡಿದ್ರು!"

"ಹಾಂ, ಈಕಿನಽ," ಎಂದು ಭಾವ ನಿರಾಳವಾಗಿ ಓದಿ ಹೇಳಿದರು.

ಯಾರಾದರೂ ಪಾಸ್‌ವರ್ಡ್ ಒತ್ತುವಾಗ ಅವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಎಟಿಎಂ ಸಾಲಿನಲ್ಲಿ ತಾವು ತಿರುಗಿದ್ದು ಸಾಲದೆ, ಹಿಂದೆ ನಿಂತವರನ್ನೆಲ್ಲ ತಿರುಗಿಸಿ ನಿಲ್ಲಿಸಿದ್ದೂ ಉಂಟು!

ಅವರ ಕೆಲಸವೇ ಅಂಥದ್ದು. ಹುಬ್ಬಳ್ಳಿಯ ಒಂದು ಔಷಧಿ ಸಗಟು ಕಂಪನಿಯಲ್ಲಿ, ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವ ಅಧಿಕಾರಿ. ಅಲ್ಲಿಯೇ ರವಾನೆ ವಿಭಾಗದಲ್ಲಿ ನಾನಿದ್ದೇನೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಹಮಾಲಿ ಮಾಡಿದವನು, ಮೂವತ್ತೆಂಟನೆಯ ವಯಸ್ಸಿಗೆ ಹತ್ತನೆಯದು ಪಾಸಾದೆ. ಈಗಲೂ ಟೈಪು ಮಾಡುವುದು ಒಂದೇ ಬೆರಳಿನಲ್ಲಿ.

ಭಾವನ ಮೇಲೆ ತಂತ್ರಜ್ಞಾನ ಮುಖ್ಯಸ್ಥರೊಬ್ಬರಿದ್ದಾರೆ. ಕೆಟ್ಟವರಲ್ಲ. ಎಲ್ಲ ಬೇಗ ನಡೆಯುವಂತೆ ನೋಡಿಕೊಳ್ಳುವುದು ಅವರ ಕೆಲಸ, ತಡೆದು ಪರೀಕ್ಷಿಸುವುದು ಭಾವನ ಕೆಲಸ. ಆದರೆ ತಡೆಯುವವನನ್ನು ಓಡಿಸುವವರ ಕೈಕೆಳಗೆ ಕೂರಿಸಿದ್ದರು. ಬ್ರೇಕು ಆಕ್ಸಿಲರೇಟರಿನ ಅಪ್ಪಣೆ ಕೇಳಬೇಕೆಂದರೆ ಗಾಡಿ ನಿಲ್ಲುವುದು ಯಾವಾಗ?

ದೀಪಾವಳಿಯ ಹೊತ್ತಿಗೆ ಹೊಸ ಆ್ಯಪ್ ಬರುವುದಿತ್ತು. ಊರೂರಿನ ಔಷಧಿ ಅಂಗಡಿಯವರು ಮೊಬೈಲಿನಲ್ಲೇ ಬೇಡಿಕೆ ಕಳಿಸಬಹುದು. ಭಾವ ಅದರಲ್ಲೊಂದು ದೋಷ ಹಿಡಿದರು: ಒಬ್ಬರ ಬೇಡಿಕೆಯನ್ನು ಇನ್ನೊಬ್ಬರು ತಿದ್ದಲು ಸಾಧ್ಯವಿತ್ತು. ಇನ್ಸುಲಿನ್ ಕೇಳಿದ ಊರಿಗೆ ಕೆಮ್ಮಿನ ಔಷಧಿ ಹೋದರೆ? ರಿಪೇರಿಗೆ ಒಂದು ವಾರ ಬೇಕೆಂದು ಕಂಪನಿಯ ಮಾಲಕಿಗೆ ಮೂರು ಸಲ ಪತ್ರ ಬರೆದರು. ನಮ್ಮಲ್ಲಿ ಯಾವ ಪತ್ರವಾದರೂ ಮೇಲಧಿಕಾರಿಯ ಕೈ ದಾಟಿಯೇ ಹೋಗಬೇಕು. ಹಾಗಾಗಿ ಮೂರು ಪತ್ರಗಳೂ ಮುಖ್ಯಸ್ಥರ ಡ್ರಾವರಿನಲ್ಲಿ ಮಲಗಿದವು.

ಆರಂಭದ ಹಿಂದಿನ ದಿನ ನಾನು ರವಾನೆ ಪಟ್ಟಿ ಹಿಡಿದು ಮುಖ್ಯಸ್ಥರ ಬಾಗಿಲಲ್ಲಿದ್ದೆ. ಭಾವ ಒಳಗೆ ಅವರ ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದರಲ್ಲಿ, "ಈ ದೋಷ ನನಗೆ ತಿಳಿದಿದೆ, ಆದರೂ ಆರಂಭಿಸಲು ಒಪ್ಪಿದ್ದೇನೆ" ಎಂಬ ಒಂದೇ ಸಾಲು. ಇನ್ನೊಂದು ಅವರ ರಾಜೀನಾಮೆ.

"ಯಾವುದಕ್ಕರ ಒಂದಕ್ಕ ಸಹಿ ಹಾಕ್ರಿ ಸಾಹೇಬ್ರ. ಪೆನ್ನು ಬೇಕಂದ್ರ ನಂದಽ ತಗೋರಿ."

ಅಕ್ಕನ ಮನೆ ನಡೆಯುತ್ತಿದ್ದುದು ಆ ಒಂದು ಸಂಬಳದಲ್ಲಿ.

ಮುಖ್ಯಸ್ಥರು ಪೆನ್ನು ತೆಗೆದುಕೊಂಡರು. ಮೊದಲನೆಯ ಕಾಗದವನ್ನು ಎರಡು ಸಲ ಓದಿದರು. ಪೆನ್ನು ಕೆಳಗಿಟ್ಟರು.

"ಇಷ್ಟು ದೊಡ್ಡದಕ್ಕ ನಾ ಒಬ್ಬನಽ ಹೆಂಗ ಸಹಿ ಹಾಕ್ಲಿಪಾ?"

"ಇಷ್ಟು ದಿನ ನಾ ಒಬ್ಬನಽ ಹೊತ್ತೇನಲ್ರಿ."

ಇಬ್ಬರೂ ಮಾಲಕಿಯ ಕೋಣೆಗೆ ಹೋದರು. ಮಾಲಕಿ ಕೇಳಿದ್ದು ಒಂದೇ ಮಾತಂತೆ: "ಮೂರು ಪತ್ರ ಎಲ್ಲಿದ್ವು?" ಮುಖ್ಯಸ್ಥರೇ "ನನ್ನ ಡ್ರಾವರಿನ್ಯಾಗ್ರಿ" ಎಂದರಂತೆ. ಆ್ಯಪಿಗೆ ಒಂದು ವಾರ ಸಿಕ್ಕಿತು. ರಾಜೀನಾಮೆಯ ಕಾಗದ ಹರಿದು ಬುಟ್ಟಿ ಸೇರಿತು. ಇನ್ನು ಮುಂದೆ ಭಾವನ ಪತ್ರ ನೇರವಾಗಿ ಮಾಲಕಿಗೆ. ಜೊತೆಗೆ ಹೊಸ ನಿಯಮ: ಇಂಥದ್ದನ್ನು ಆರಂಭಿಸಲು ಎರಡು ಪಾಸ್‌ವರ್ಡ್ ಬೇಕು. ಒಂದು ಮುಖ್ಯಸ್ಥರದು. ಇನ್ನೊಂದು, ಇಬ್ಬರ ಕೈಕೆಳಗೂ ಇಲ್ಲದ ಒಬ್ಬರದು. ಆ ಒಬ್ಬರು ಯಾರೆಂದು ಭಾವ ಹೇಳಬೇಕು.

ಭಾವ ನನ್ನ ಹೆಸರು ಹೇಳಿದರು!

ಆಫೀಸೆಲ್ಲ ನಕ್ಕಿತು. "ಅವರು ಒತ್ತಿ ಮುಗಸೂದ್ರಾಗ ಮುಂದಿನ ದೀಪಾವಳಿ ಬರತೈತ್ರಿ!"

"ಬರಲಿ," ಎಂದರು ಭಾವ. "ಲಗೂ ಒತ್ತಾವರು ಓದೂದಿಲ್ಲ. ಇಂವ ಒಂದೊಂದು ಅಕ್ಷರ ಓದಿ ಒತ್ತತಾನ."

ವಾರ ಕಳೆದು ಆ ದಿನ ಬಂತು. ಮುಖ್ಯಸ್ಥರು ತಮ್ಮದನ್ನು ಕ್ಷಣದಲ್ಲಿ ಒತ್ತಿ ಎದ್ದರು. ನಾನು ಕುಳಿತೆ. ಹದಿನಾಲ್ಕು ಅಕ್ಷರ. ಬೆರಳು ಒಮ್ಮೆ ತಪ್ಪಿತು; ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಯಾರೋ ಕೆಮ್ಮಿದರು, ಯಾರೋ ಗಡಿಯಾರ ನೋಡಿದರು.

ಯಾರನ್ನೂ ನಂಬದ ನಮ್ಮ ಭಾವ ಅಷ್ಟು ಹೊತ್ತೂ ಗೋಡೆಗೆ ಮುಖ ಮಾಡಿ ನಿಂತಿದ್ದರು. ಒಮ್ಮೆಯೂ "ಆತೇನು?" ಎನ್ನಲಿಲ್ಲ.